ಪೀಕ್ ಬೇಡಿಕೆ ಇಳಿಸಿ ಖರೀದಿ ವೆಚ್ಚ ತಗ್ಗಿಸುವುದು: ಗೀಸರ್ ಸ್ವಿಚ್, ಸಮಯಾಧಾರಿತ ದರ, ಬ್ಯಾಟರಿ – ಯಾವುದು ಮೊದಲು?

ಫೀಡರ್_ಹನ್ನೊಂದು (ಪ್ರಶ್ನೆ)

ಸ್ವಂತ ಉತ್ಪಾದನೆ ಇಲ್ಲದೆ ಎಲ್ಲ ವಿದ್ಯುತ್ತನ್ನೂ ಸಗಟಾಗಿ ಕೊಂಡು ಹಂಚುವ ಸಣ್ಣ ವಿತರಣಾ ಕಂಪನಿಯ ಲೆಕ್ಕ ಇದು. ಬೇಸಿಗೆ ಸಂಜೆಯ ಗರಿಷ್ಠ ಬೇಡಿಕೆ (ಪೀಕ್) 42 ಮೆಗಾವ್ಯಾಟ್, ಚಳಿಗಾಲದ ಬೆಳಿಗ್ಗೆ 39, ಹದವಾದ ಹವೆಯ ನಾಲ್ಕು ತಿಂಗಳು 31ರ ಆಸುಪಾಸು. ವರ್ಷದ ಸರಾಸರಿ 23 ಮೆಗಾವ್ಯಾಟ್.

ಖರೀದಿ ಬಿಲ್ಲಿನಲ್ಲಿ ಎರಡು ಭಾಗ: ಬಳಸಿದ ಯೂನಿಟ್ಟಿಗೆ ಒಂದು ದರ, ತಿಂಗಳ ಅತಿ ಹೆಚ್ಚಿನ 15 ನಿಮಿಷದ ಬೇಡಿಕೆಗೆ ಇನ್ನೊಂದು. ಎರಡನೆಯದಕ್ಕೆ ಒಂದು ಷರತ್ತೂ ಇದೆ. ಹಿಂದಿನ 11 ತಿಂಗಳ ಗರಿಷ್ಠದ ಶೇ. 80ಕ್ಕಿಂತ ಕಡಿಮೆ ಬಿಲ್ ಆಗುವುದಿಲ್ಲ.

ಗ್ರಾಹಕರ ಕಡೆ ಸುಮಾರು 6,000 ಟ್ಯಾಂಕ್ ಗೀಸರ್ (150 ಲೀಟರ್, 3 ಕಿಲೋವ್ಯಾಟ್), 9,000 ಎಸಿ, ಒಂದು ಖನಿಜ ಅರೆಯುವ ಗಿರಣಿ (1.8 ಮೆಗಾವ್ಯಾಟ್), ಒಂದು ಶೀತಲೀಕೃತ ಗೋದಾಮು (0.7), ನೀರು ಸರಬರಾಜಿನ ಪಂಪುಗಳು (0.9). ಚರ್ಚೆಯಲ್ಲಿರುವ ಆಯ್ಕೆಗಳು ಮೂರು: ಗೀಸರ್ ಮತ್ತು ಎಸಿಗೆ ದೂರನಿಯಂತ್ರಿತ ಸ್ವಿಚ್, ಸಮಯಾಧಾರಿತ ದರ (ಪೀಕ್ ಹೊತ್ತಿನಲ್ಲಿ ಹೆಚ್ಚು, ಉಳಿದ ಹೊತ್ತಿನಲ್ಲಿ ಕಡಿಮೆ), ಬ್ಯಾಟರಿ. ಗುರಿ 38 ಮೆಗಾವ್ಯಾಟ್. ಯಾವ ಕ್ರಮದಲ್ಲಿ ಹೋಗಬೇಕು, ಎಲ್ಲಿ ಕೈಕೊಡುತ್ತದೆ?

---

ಲೋಡ್_ಡಿಸ್ಪ್ಯಾಚ್

ಉಪಕರಣದ ಮಾತಿಗೆ ಮುಂಚೆ ಎರಡು ಕೆಲಸ ಮುಗಿಸಿ.

ಮೊದಲನೆಯದು ಖರೀದಿ ಒಪ್ಪಂದವನ್ನು ಮತ್ತೆ ಓದುವುದು. ಡಿಮ್ಯಾಂಡ್ ಚಾರ್ಜ್ (ನೀವು ಹೇಳಿದ ಆ ಎರಡನೆಯ ದರ) ಬೀಳುವುದು ನಿಮ್ಮದೇ ಗರಿಷ್ಠದ ಮೇಲೋ, ಪೂರೈಕೆದಾರರ ಇಡೀ ಜಾಲ ಗರಿಷ್ಠ ಮುಟ್ಟಿದ ಆ ಹೊತ್ತಿನಲ್ಲಿ ನೀವು ಎಳೆಯುತ್ತಿದ್ದ ವಿದ್ಯುತ್ತಿನ (ಲೋಡ್) ಮೇಲೋ? ಎರಡನೆಯದಾದರೆ ನಿಮ್ಮ ಪೀಕ್ ಸಂಜೆ 8ಕ್ಕೆ, ಅವರದು 6ಕ್ಕೆ ಇದ್ದಲ್ಲಿ, 8 ಗಂಟೆಗೆ ಎಷ್ಟು ಕಡಿತ ಮಾಡಿದರೂ ಬಿಲ್ಲು ಇಳಿಯುವುದಿಲ್ಲ. ನೀವು ಬರೆದಿರುವುದನ್ನು ನೋಡಿದರೆ ಮೊದಲನೆಯದೇ ಇರಬೇಕು ಅನ್ನಿಸುತ್ತದೆ. ಆದರೂ ಖಚಿತಪಡಿಸಿಕೊಳ್ಳಿ, ಮುಂದಿನ ಎಲ್ಲ ಲೆಕ್ಕ ಇದರ ಮೇಲೇ ನಿಂತಿದೆ.

ಎರಡನೆಯದು, ಒಂದು ವರ್ಷದ 15 ನಿಮಿಷದ ದಾಖಲೆ ತೆಗೆದುಕೊಳ್ಳಿ. 35,040 ಅಂಕಿಗಳು ಬರುತ್ತವೆ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ನಿಮ್ಮ ಲೋಡ್ ಫ್ಯಾಕ್ಟರ್ (ಗರಿಷ್ಠದಲ್ಲಿ ಸರಾಸರಿಯ ಪಾಲು) 23 ಭಾಗಿಸು 42, ಅಂದರೆ ಶೇ. 55. ಇಂಥ ಜಾಲದಲ್ಲಿ ಮೇಲಿನ ತುದಿ ಚೂಪಾಗಿರುತ್ತದೆ. 38 ದಾಟಿದ ಹೊತ್ತು ವರ್ಷಕ್ಕೆ ಎಷ್ಟು ಗಂಟೆ, ಒಂದು ಸಲಕ್ಕೆ ಎಷ್ಟು ಹೊತ್ತು, ಯಾವ ತಿಂಗಳು ಎಂದು ಪಟ್ಟಿ ಮಾಡಿ. ಯೋಜನೆಯ ಗಾತ್ರವನ್ನು ನಿರ್ಧರಿಸುವುದು ಈ ಪಟ್ಟಿ.

ಶೇ. 80ರ ಷರತ್ತು ಎಲ್ಲಿ ಕಚ್ಚುತ್ತದೆ ಎಂಬುದನ್ನೂ ನೋಡಿ. 42ರ ಶೇ. 80 ಅಂದರೆ 33.6. ಚಳಿಗಾಲದ 39 ಅದಕ್ಕಿಂತ ಮೇಲಿದೆ, ಅಲ್ಲಿ ಷರತ್ತಿನ ಬಾಧೆ ಇಲ್ಲ. ಆದರೆ 31 ಮೆಗಾವ್ಯಾಟಿನ ನಾಲ್ಕು ತಿಂಗಳೂ 33.6ಕ್ಕೆ ಹಣ ಹೋಗುತ್ತಿದೆ. ಬೇಸಿಗೆಯ ಗರಿಷ್ಠವನ್ನು 38ಕ್ಕೆ ತಂದು, ಚಳಿಗಾಲದ 39ನ್ನೂ 38ಕ್ಕೆ ಒತ್ತಿದರೆ ಕನಿಷ್ಠ ಮಿತಿ 30.4 ಆಗಿ, ಆ ತಿಂಗಳುಗಳಲ್ಲಿ ನಿಜವಾಗಿ ಬಳಸಿದ 31ಕ್ಕೇ ಬಿಲ್ ಬರುತ್ತದೆ. ಅಂದರೆ ಬೇಸಿಗೆಯಲ್ಲಿ ಮಾಡಿದ ಕಡಿತಕ್ಕೆ ಹದವಾದ ತಿಂಗಳಿನಲ್ಲೂ ತಲಾ 2.6 ಮೆಗಾವ್ಯಾಟ್ ಲಾಭ. ಚಳಿಗಾಲದ ಬೆಳಿಗ್ಗೆಯನ್ನು ಹಾಗೇ ಬಿಟ್ಟರೆ ಮಿತಿ 31.2ರಲ್ಲಿ ನಿಲ್ಲುತ್ತದೆ, ಬಹುಪಾಲು ಲಾಭ ಆಗಲೂ ಸಿಗುತ್ತದೆ.

ಇದರ ಇನ್ನೊಂದು ಮುಖ ಕಠಿಣವಾದದ್ದು. ಒಂದೇ ಒಂದು 15 ನಿಮಿಷ ತಪ್ಪಿದರೆ ಅದರ ನೆರಳು 11 ತಿಂಗಳು ಬೆನ್ನು ಬಿಡುವುದಿಲ್ಲ.

---

ಎಚ್‌ಟಿ_ಮೀಟರ್

ಕ್ರಮ ಕೇಳಿದ್ದೀರಿ, ನನ್ನ ಉತ್ತರ ಸ್ಪಷ್ಟ: ಮೊದಲು ಆ ಮೂರು ದೊಡ್ಡ ಗ್ರಾಹಕರು. ಗಿರಣಿ, ಗೋದಾಮು, ಪಂಪು ಸೇರಿ 3.4 ಮೆಗಾವ್ಯಾಟ್. ನಿಮಗೆ ಬೇಕಾದ 4ರಲ್ಲಿ ಹೆಚ್ಚಿನ ಪಾಲು ಮೂರು ಒಪ್ಪಂದದಲ್ಲೇ ಇದೆ. 15,000 ಮನೆಯ ಉಪಕರಣಕ್ಕೆ ಸ್ವಿಚ್ ಹಾಕುವುದಕ್ಕಿಂತ ಇದು ಬಹಳ ಅಗ್ಗ.

ಪಂಪುಗಳು ಎಲ್ಲಕ್ಕಿಂತ ಸುಲಭ. ಮೇಲ್ತೊಟ್ಟಿಗಳು ಸಂಜೆಗೆ ಮುಂಚೆ ತುಂಬಿರಬೇಕು, ಪೀಕ್ ಹೊತ್ತಿನಲ್ಲಿ ಮಟ್ಟ ಇಂತಿಷ್ಟಕ್ಕಿಂತ ಇಳಿದರೆ ಮಾತ್ರ ಪಂಪು ಓಡಬೇಕು. ಬೆಂಕಿ ನಂದಿಸಲು ಕಾದಿಟ್ಟ ನೀರಿನ ಮಟ್ಟವನ್ನು ಮಾತ್ರ ಮುಟ್ಟಬೇಡಿ.

ಶೀತಲೀಕೃತ ಗೋದಾಮು -18 ಡಿಗ್ರಿಯಲ್ಲಿ ಇರಬೇಕಾದದ್ದಾದರೆ ಮಧ್ಯಾಹ್ನವೇ -21ರವರೆಗೆ ಇಳಿಸಿ, ಬಾಗಿಲು ಮುಚ್ಚಿಟ್ಟರೆ ಸರಕಿನ ತೂಕವೇ ಕೆಲವು ಗಂಟೆ ತಂಪು ಹಿಡಿದಿಡುತ್ತದೆ. ಎಷ್ಟು ಗಂಟೆ ಎನ್ನುವುದು ತುಂಬಿದ ಪ್ರಮಾಣ, ಗೋಡೆಯ ನಿರೋಧನ ಎರಡನ್ನೂ ಅವಲಂಬಿಸಿದೆ. ಅರ್ಧ ಖಾಲಿ ಗೋದಾಮು ಬೇಗ ಬಿಸಿಯಾಗುತ್ತದೆ. ಹಿಮ ಕರಗಿಸುವ ಹೀಟರುಗಳ ಟೈಮರನ್ನು ಪೀಕ್ ಅವಧಿಯಿಂದ ಆಚೆಗೆ ಸರಿಸಲು ಮರೆಯಬೇಡಿ. ಕಂಪ್ರೆಸರ್ ನಿಲ್ಲಿಸಿ ಅದೇ ಹೊತ್ತಿಗೆ ಆ ಹೀಟರ್ ಉರಿದರೆ ಉಳಿತಾಯ ಅರ್ಧಕ್ಕೆ ಬರುತ್ತದೆ.

ಗಿರಣಿಯಲ್ಲಿ ಅರೆಯುವ ಭಾಗವನ್ನಷ್ಟೇ ನಿಲ್ಲಿಸಬಹುದು, ಮುಂದೆ ಅರೆದ ಪುಡಿ ತುಂಬಿಟ್ಟುಕೊಳ್ಳುವ ಸೈಲೋ (ದೊಡ್ಡ ಕಣಜ) ಇದ್ದರೆ. ಕುಲುಮೆ, ಒಣಗಿಸುವ ಡ್ರಮ್ಮಿನಂಥ ನಿರಂತರ ಪ್ರಕ್ರಿಯೆಯನ್ನು ಮಧ್ಯದಲ್ಲಿ ನಿಲ್ಲಿಸಲು ಯಾರೂ ಒಪ್ಪುವುದಿಲ್ಲ, ಒಪ್ಪಿಸಲೂಬಾರದು. ಒಪ್ಪಂದದಲ್ಲಿ ಇವಿಷ್ಟು ಬರೆದಿರಲಿ: ವರ್ಷಕ್ಕೆ ಗರಿಷ್ಠ ಎಷ್ಟು ಸಲ ಕರೆ (ಲೋಡ್ ಇಳಿಸಿ ಎಂಬ ಕೋರಿಕೆ), ಒಂದು ಸಲಕ್ಕೆ ಎಷ್ಟು ಗಂಟೆ, ಎಷ್ಟು ಹೊತ್ತು ಮುಂಚೆ ಸೂಚನೆ, ಯಾವ ಮಟ್ಟಕ್ಕೆ ಇಳಿಯಬೇಕು, ಇಳಿಯದಿದ್ದರೆ ಏನು. 'ಇಷ್ಟು ಕಿಲೋವ್ಯಾಟ್ ಕಡಿಮೆ ಮಾಡುತ್ತೇವೆ' ಎನ್ನುವ ಮಾತಿಗಿಂತ 'ಇಷ್ಟು ಕಿಲೋವ್ಯಾಟಿಗಿಂತ ಮೇಲೆ ಹೋಗುವುದಿಲ್ಲ' ಎನ್ನುವ ಮಾತು ಒಳ್ಳೆಯದು. ಅದನ್ನು ಮೀಟರ್ ನೋಡಿ ನೇರವಾಗಿ ಪರೀಕ್ಷಿಸಬಹುದು, ವಾದಕ್ಕೆ ಎಡೆ ಇರುವುದಿಲ್ಲ.

ಆ ಗ್ರಾಹಕರು ತಮ್ಮ ಆವರಣದಲ್ಲಿ ಡಿಮ್ಯಾಂಡ್ ಕಂಟ್ರೋಲರ್ (ಲೋಡ್ ಮಿತಿ ದಾಟದಂತೆ ತಾನೇ ಇಳಿಸುವ ಸಾಧನ) ಹಾಕುವುದಾದರೆ ಅದರ ಲೆಕ್ಕ ಹೀಗೆ. ಮಿತಿ 1,000 ಕಿಲೋವ್ಯಾಟ್, ಅವಧಿ 15 ನಿಮಿಷ. ಅಂದರೆ ಆ ಅವಧಿಗೆ ಸಿಗುವುದು 250 ಯೂನಿಟ್. ಮೊದಲ 10 ನಿಮಿಷ 1,200 ಕಿಲೋವ್ಯಾಟ್ ಓಡಿದರೆ 200 ಯೂನಿಟ್ ಖರ್ಚಾಯಿತು. ಉಳಿದ 5 ನಿಮಿಷಕ್ಕೆ 50 ಯೂನಿಟ್, ಅಂದರೆ 600 ಕಿಲೋವ್ಯಾಟಿಗೆ ಇಳಿಯಲೇಬೇಕು. ಈ ಲೆಕ್ಕ ಸರಿಬರಬೇಕಾದರೆ ಕಂಟ್ರೋಲರಿನ 15 ನಿಮಿಷ ಬಿಲ್ಲಿಂಗ್ ಮೀಟರಿನ 15 ನಿಮಿಷದ ಜೊತೆಗೇ ಶುರುವಾಗಬೇಕು. ಮೀಟರಿನಿಂದಲೇ ಸಿಂಕ್ ಪಲ್ಸ್ (ಅವಧಿ ಶುರುವಾಯಿತು ಎಂಬ ಸಂಕೇತ) ಎಳೆದುಕೊಳ್ಳಿ. ಸ್ವಂತ ಗಡಿಯಾರ ನಂಬಿದ ಕಂಟ್ರೋಲರ್ ನಾಲ್ಕೈದು ನಿಮಿಷ ಸರಿದುಹೋದರೆ ತನ್ನ ಲೆಕ್ಕದಲ್ಲಿ ಮಿತಿಯೊಳಗಿದ್ದೂ ಬಿಲ್ಲಿನಲ್ಲಿ ಮಿತಿ ಮೀರುತ್ತದೆ. ನಿಮ್ಮ ಸ್ಕಾಡಾಕ್ಕೂ (ಜಾಲವನ್ನು ದೂರದಿಂದ ನೋಡಿ ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ಇದೇ ಮಾತು ಅನ್ವಯಿಸುತ್ತದೆ.

ಖರೀದಿ ಬಿಲ್ಲು ಕೆವಿಎ (ವೋಲ್ಟೇಜ್ ಗುಣಿಸು ಕರೆಂಟ್) ಲೆಕ್ಕದಲ್ಲಿದ್ದರೆ ಪವರ್ ಫ್ಯಾಕ್ಟರ್ (ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಕಿಲೋವ್ಯಾಟಿನ ಪಾಲು) ಮೊದಲು ಸರಿಪಡಿಸಿ. 0.80 ಇದ್ದಾಗ 1,000 ಕಿಲೋವ್ಯಾಟಿಗೆ 1,250 ಕೆವಿಎ, 0.95ಕ್ಕೆ ತಂದರೆ 1,053. ಇದಕ್ಕೆ ಬೇಕಾಗುವುದು ಸುಮಾರು 421 ಕೆವಿಎಆರ್ (ಕೆಪಾಸಿಟರ್ ಗಾತ್ರದ ಅಳತೆ) ಕೆಪಾಸಿಟರ್, ಗ್ರಾಹಕರ ಕೆಲಸ ಒಂದು ನಿಮಿಷವೂ ನಿಲ್ಲುವುದಿಲ್ಲ.

---

ರಿಪಲ್_ರಿಸೀವರ್

ಗೀಸರ್, ಎಸಿ ವಿಷಯ ನನ್ನದು. ಇಲ್ಲಿ ಕಾಗದದ ಮೇಲಿನ ಅಂಕಿಗೂ ನಿಜಕ್ಕೂ ದೊಡ್ಡ ಅಂತರ ಇದೆ, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

6,000 ಗೀಸರ್ ಗುಣಿಸು 3 ಕಿಲೋವ್ಯಾಟ್ ಅಂದರೆ 18 ಮೆಗಾವ್ಯಾಟ್ ಕೈಯಲ್ಲಿದೆ ಎಂದು ತಿಳಿಯಬೇಡಿ. ಒಂದು ಹೊತ್ತಿಗೆ ಎಲ್ಲವೂ ಉರಿಯುತ್ತಿರುವುದಿಲ್ಲ. ಚಳಿಗಾಲದ ಬೆಳಗಿನ ಪೀಕಿನಲ್ಲಿ ಗೀಸರಿಗೆ ಸರಾಸರಿ 0.8 ಕಿಲೋವ್ಯಾಟ್ ಎಂದು ಹಿಡಿಯೋಣ (ಅಂದಾಜು ಮಾತ್ರ, ನಿಮ್ಮಲ್ಲಿ ನೂರಿನ್ನೂರು ಮನೆಯಲ್ಲಿ ಅಳೆದೇ ತಿಳಿಯಬೇಕು). ಹಾಗಾದರೆ ನಿಜಕ್ಕೂ ಕಡಿತಕ್ಕೆ ಸಿಗುವುದು 4.8 ಮೆಗಾವ್ಯಾಟ್. ಬೇಸಿಗೆಯ ಸಂಜೆ ಇದರ ಒಂದು ಸಣ್ಣ ಪಾಲೂ ಇರುವುದಿಲ್ಲ. ನಿಮ್ಮ ಮುಖ್ಯ ಸಮಸ್ಯೆ ಬೇಸಿಗೆಯ 42, ಗೀಸರ್ ಸ್ವಿಚ್ ಆ ಸಮಸ್ಯೆಗೆ ಮದ್ದಲ್ಲ. ಚಳಿಗಾಲದ 39ಕ್ಕೆ ಮಾತ್ರ.

ಚಳಿಗಾಲಕ್ಕೆ ಹಾಕುವುದಾದರೆ ಟ್ಯಾಂಕ್ ಗೀಸರ್ ಒಳ್ಳೆಯ ಲೋಡ್. 150 ಲೀಟರನ್ನು 40 ಡಿಗ್ರಿ ಬಿಸಿ ಮಾಡಲು ಸುಮಾರು 7 ಯೂನಿಟ್, 3 ಕಿಲೋವ್ಯಾಟಿನಲ್ಲಿ 2 ಗಂಟೆ 20 ನಿಮಿಷ. ತುಂಬಿದ ಟ್ಯಾಂಕಿಗೆ ಎರಡು ಗಂಟೆ ವಿದ್ಯುತ್ ತಪ್ಪಿದರೆ ಹೆಚ್ಚಿನ ಮನೆಗಳಿಗೆ ಗೊತ್ತೇ ಆಗುವುದಿಲ್ಲ. ಟ್ಯಾಂಕಿಲ್ಲದ ತಕ್ಷಣದ ಹೀಟರುಗಳಲ್ಲಿ ಶೇಖರಣೆಯೇ ಇಲ್ಲ. ಅವಕ್ಕೆ ಸ್ವಿಚ್ ಹಾಕಿದರೆ ಸ್ನಾನ ನಿಲ್ಲುತ್ತದೆ, ಮರುದಿನವೇ ಜನ ಯೋಜನೆಯಿಂದ ಹೊರಬೀಳುತ್ತಾರೆ.

ಅಪಾಯ ಇರುವುದು ಮತ್ತೆ ಚಾಲೂ ಮಾಡುವಾಗ. ಎರಡು ಗಂಟೆ ತಡೆಹಿಡಿದ ಮೇಲೆ ಬಹುತೇಕ ಎಲ್ಲ ಟ್ಯಾಂಕೂ ಸ್ವಲ್ಪವಾದರೂ ತಣ್ಣಗಾಗಿ, ಥರ್ಮೋಸ್ಟಾಟ್ ಹೀಟರ್ ಉರಿಸಲು ಸಿದ್ಧವಾಗಿ ಕಾಯುತ್ತಿರುತ್ತದೆ. ಒಂದೇ ಆಜ್ಞೆಯಲ್ಲಿ ಬಿಟ್ಟರೆ 0.8ರ ಬದಲು ತಲಾ 3 ಕಿಲೋವ್ಯಾಟ್. ಗೀಸರ್ ಬಿಟ್ಟು ಉಳಿದ ಲೋಡ್ ಆ ಹೊತ್ತಿಗೆ 33 ಇದ್ದರೆ, ಮೇಲೆ 18 ಸೇರಿ 51 ಮೆಗಾವ್ಯಾಟ್. ಪೀಕ್ ತಪ್ಪಿಸಲು ಹೋಗಿ ವರ್ಷದ ದಾಖಲೆ ಬರೆದಂತಾಯಿತು, ಅದೂ ಶೇ. 80ರ ಷರತ್ತಿನ ಜೊತೆಗೆ.

ಹಾಗಾಗಿ ಗುಂಪು ಮಾಡಬೇಕು. 12 ಗುಂಪು, ತಲಾ 500 ಗೀಸರ್, ಅಂದರೆ ಗುಂಪಿಗೆ ಹೆಚ್ಚೆಂದರೆ 1.5 ಮೆಗಾವ್ಯಾಟ್. ಹತ್ತು ನಿಮಿಷಕ್ಕೊಂದು ಗುಂಪು ಬಿಡಿ. ಎರಡು ಗಂಟೆಯಲ್ಲಿ ತಪ್ಪಿದ್ದು ಗೀಸರಿಗೆ ಸರಾಸರಿ 1.6 ಯೂನಿಟ್, ಅದನ್ನು ತುಂಬಿಕೊಳ್ಳಲು ಅರ್ಧ ಗಂಟೆಯ ಮೇಲೆ ಸ್ವಲ್ಪ. ಒಂದೇ ಕಾಲಕ್ಕೆ ಮೂರು ನಾಲ್ಕು ಗುಂಪು ಉರಿಯುತ್ತಿರುತ್ತವೆ, 4.5ರಿಂದ 6 ಮೆಗಾವ್ಯಾಟ್. ಇದು ಸಹಿಸಬಹುದಾದದ್ದು. ಗುಂಪುಗಳನ್ನು ಫೀಡರ್ (ಸಬ್‌ಸ್ಟೇಷನ್ನಿನಿಂದ ಒಂದು ಪ್ರದೇಶಕ್ಕೆ ಹೋಗುವ ಮಾರ್ಗ) ಪ್ರಕಾರ ಮಾಡಬೇಡಿ, ಪ್ರತಿ ಫೀಡರಿನಲ್ಲೂ ಹನ್ನೆರಡೂ ಗುಂಪು ಹರಡಿರಲಿ. ಇಲ್ಲದಿದ್ದರೆ ಒಂದೊಂದು ಫೀಡರಿಗೆ ಒಂದೊಂದು ಏಟು ಬೀಳುತ್ತದೆ. ಬೇಸಿಗೆ ಸಂಜೆ ಫೀಡರ್ ಕೆಟ್ಟು ಸರಿಯಾದಾಗಲೂ ಎಸಿಗಳಿಂದ ಇದೇ ರೀತಿಯ ಏಟು ಬೀಳುತ್ತದೆ, ಆದ್ದರಿಂದ ಫೀಡರುಗಳನ್ನು ಒಟ್ಟಿಗೆ ಚಾಲೂ ಮಾಡದೆ ಒಂದಾದ ಮೇಲೆ ಒಂದು ಮಾಡುವುದು ಒಳ್ಳೆಯದು.

ಎಸಿ ಲೆಕ್ಕದಲ್ಲಿ ಬೇರೆ ತಪ್ಪು ನಡೆಯುತ್ತದೆ. 1.5 ಕಿಲೋವ್ಯಾಟಿನ ಎಸಿಯನ್ನು ಅರ್ಧ ಗಂಟೆಯಲ್ಲಿ 15 ನಿಮಿಷ ಮಾತ್ರ ಓಡಲು ಬಿಟ್ಟರೆ 0.75 ಉಳಿಯುತ್ತದೆ ಅನ್ನಿಸುತ್ತದೆ. ಆದರೆ ಅದು ತನ್ನಷ್ಟಕ್ಕೇ ಅರ್ಧ ಗಂಟೆಯಲ್ಲಿ 20 ನಿಮಿಷ ಓಡುತ್ತಿದ್ದರೆ ಸರಾಸರಿ 1.0 ಇದ್ದದ್ದು 0.75ಕ್ಕೆ ಬಂದಂತೆ, ಉಳಿದದ್ದು 0.25 ಮಾತ್ರ. 9,000 ಎಸಿಗೆ 2.25 ಮೆಗಾವ್ಯಾಟ್. ಕೋಣೆಗೆ ಬೇಕಾದದ್ದಕ್ಕಿಂತ ದೊಡ್ಡ ಎಸಿ ಇಟ್ಟುಕೊಂಡ ಮನೆಯಲ್ಲಿ ಏನೂ ಉಳಿಯುವುದಿಲ್ಲ, ಅದು ಮೊದಲೇ ಅರ್ಧ ಹೊತ್ತು ನಿಂತಿರುತ್ತದೆ. ಒಳ್ಳೆಯ ಸ್ವಿಚ್ಚುಗಳು ಮೊದಲು ಆ ಎಸಿಯ ವಾಡಿಕೆ ಕಲಿತು, ಅದರ ಅರ್ಧಕ್ಕೆ ಇಳಿಸುತ್ತವೆ. ಇನ್ವರ್ಟರ್ ಕಂಪ್ರೆಸರ್ (ವೇಗ ತಾನೇ ಬದಲಿಸಿಕೊಳ್ಳುವಂಥದ್ದು) ಇರುವ ಎಸಿಗಳ ವಿದ್ಯುತ್ತನ್ನು ರಿಲೇಯಿಂದ (ಆಜ್ಞೆಗೆ ತೆರೆದು ಮುಚ್ಚುವ ಸ್ವಿಚ್) ಕಡಿಯಲೇಬೇಡಿ. ಥರ್ಮೋಸ್ಟಾಟನ್ನು 2 ಡಿಗ್ರಿ ಮೇಲಕ್ಕೆ ಸರಿಸುವ ಆಜ್ಞೆ ಕಳಿಸಿ. ಮಾಮೂಲಿ ಕಂಪ್ರೆಸರ್ ಆದರೂ ನಿಂತ ಮೇಲೆ ಒಳಗಿನ ಒತ್ತಡ ಸಮವಾಗಲು ಮೂರರಿಂದ ಐದು ನಿಮಿಷ ಬೇಕು.

ಆಜ್ಞೆ ಕಳಿಸುವ ದಾರಿಗೆ ಹಳೆಯ, ಗಟ್ಟಿ ವಿಧಾನ ರಿಪಲ್ ಕಂಟ್ರೋಲ್. ಸಬ್‌ಸ್ಟೇಷನ್ನಿನಲ್ಲಿ 50 ಹರ್ಟ್ಸ್ ಮೇಲೆ 175, 317, 1,050 ಹರ್ಟ್ಸ್‌ನಂಥ ಇನ್ನೊಂದು ಆವರ್ತನವನ್ನು ತುಂಬಿದರೆ ಅದು ತಂತಿಯಲ್ಲೇ ಮನೆ ಮುಟ್ಟುತ್ತದೆ. ನ್ಯೂಜಿಲೆಂಡ್, ಫ್ರಾನ್ಸ್ ಎರಡರಲ್ಲೂ ನೀರಿನ ಹೀಟರುಗಳಿಗೆ ಇದು ದಶಕಗಳಿಂದ ಇದೆ. ದೋಷ ಎರಡು. ಆ ದೊಡ್ಡ ಗ್ರಾಹಕರು ಹಾಕುವ ಕೆಪಾಸಿಟರ್ ಬ್ಯಾಂಕ್ ಈ ಹೆಚ್ಚುವರಿ ಆವರ್ತನವನ್ನು ನುಂಗಿಬಿಡುತ್ತದೆ, ಅದಕ್ಕೆ ಸರಿಯಾದ ರಿಯಾಕ್ಟರ್ (ಆ ಆವರ್ತನವನ್ನು ತಡೆಯುವ ತಂತಿ ಸುರುಳಿ) ಸರಣಿಯಲ್ಲಿ ಇರಲೇಬೇಕು. ಎರಡನೆಯದು, ಇದು ಒಮ್ಮುಖ: ಯಾವ ರಿಸೀವರ್ ಸತ್ತಿದೆ ಎಂದು ತಿಳಿಯುವುದಿಲ್ಲ. ಸ್ಮಾರ್ಟ್ ಮೀಟರಿನ ರಿಲೇ ಆದರೆ ಉತ್ತರ ಬರುತ್ತದೆ.

---

ಫೀಡರ್_ಹನ್ನೊಂದು

ಗೀಸರ್ ಬೇಸಿಗೆಗೆ ಆಗುವುದಿಲ್ಲ ಎನ್ನುವುದು ದೊಡ್ಡ ತಿದ್ದುಪಡಿ, ಪಟ್ಟಿಯಿಂದ ಕೆಳಗಿಳಿಸುತ್ತೇನೆ. ಇನ್ನೆರಡು ಪ್ರಶ್ನೆ. ಸಮಯಾಧಾರಿತ ದರ ಎಷ್ಟರ ಮಟ್ಟಿಗೆ ನಂಬಬಹುದು? ಮತ್ತೆ, ಇವತ್ತೇ ತಿಂಗಳ ಪೀಕ್ ಎಂದು ಇವತ್ತೇ ಗೊತ್ತಾಗುವುದು ಹೇಗೆ?

---

ದರಪಟ್ಟಿ

ದರ ಒಳ್ಳೆಯ ಸಾಧನ, ಆದರೆ ಡಿಸ್ಪ್ಯಾಚ್ ಸಾಧನವಲ್ಲ (ಬೇಕೆಂದಾಗ ಆಜ್ಞೆ ಕೊಟ್ಟು ಲೋಡ್ ಇಳಿಸುವಂಥದ್ದಲ್ಲ). ದಿನವೂ ಸ್ವಲ್ಪ ಸ್ವಲ್ಪ ಸರಿಸುತ್ತದೆ, ಅತಿ ಬಿಸಿಯ ದಿನ ಜನ ಎಸಿ ಆರಿಸುತ್ತಾರೆ ಎಂಬ ಖಾತರಿ ಕೊಡುವುದಿಲ್ಲ.

ಪೀಕ್ ದರಕ್ಕೂ ಉಳಿದ ಹೊತ್ತಿನ ದರಕ್ಕೂ ಅಂತರ ಕಡಿಮೆ ಇದ್ದರೆ ಯಾರೂ ಕದಲುವುದಿಲ್ಲ. ಪೀಕ್ ಅವಧಿ ಐದಾರು ಗಂಟೆ ಉದ್ದವಾದರೂ ಅಷ್ಟೇ. ಮೂರು ನಾಲ್ಕು ಗಂಟೆಯಾದರೆ ಬಟ್ಟೆ ಒಗೆಯುವುದನ್ನು, ವಾಹನ ಚಾರ್ಜ್ ಮಾಡುವುದನ್ನು ಜನ ಮುಂದಕ್ಕೆ ಹಾಕುತ್ತಾರೆ. ಆಯ್ದ ದಿನಗಳಿಗೆ ಮಾತ್ರ ಬಹಳ ಹೆಚ್ಚಿನ ದರ ಇಡುವುದು ಇನ್ನೊಂದು ದಾರಿ. ಫ್ರಾನ್ಸಿನ ಟೆಂಪೋ ದರದಲ್ಲಿ ವರ್ಷಕ್ಕೆ 300 ನೀಲಿ, 43 ಬಿಳಿ, 22 ಕೆಂಪು ದಿನ. ನಾಳೆಯ ಬಣ್ಣ ಹಿಂದಿನ ದಿನವೇ ತಿಳಿಯುತ್ತದೆ, ಕೆಂಪು ದಿನದ ಹಗಲಿನ ದರ ತೀರಾ ದುಬಾರಿ, ಉಳಿದ ದಿನಗಳಲ್ಲಿ ಅಗ್ಗ. ಚಳಿಗಾಲದ ಪೀಕಿಗಾಗಿ ಮಾಡಿದ್ದು, ಬೇಸಿಗೆಗೂ ಇದೇ ತತ್ವ ನಡೆಯುತ್ತದೆ.

ಅಗ್ಗದ ಅವಧಿ ರಾತ್ರಿ 11ಕ್ಕೆ ಶುರುವಾಗುತ್ತದೆ ಎಂದು ಘೋಷಿಸಿದರೆ ವಿದ್ಯುತ್ ವಾಹನಗಳ ಟೈಮರುಗಳೆಲ್ಲ 11ಕ್ಕೇ ಎಚ್ಚರಾಗುತ್ತವೆ. ಒಂದು ಬೀದಿಯ ಟ್ರಾನ್ಸ್‌ಫಾರ್ಮರ್ ಕೆಳಗೆ ತಲಾ 7 ಕಿಲೋವ್ಯಾಟಿನ ಎಂಟು ಚಾರ್ಜರ್ ಇದ್ದರೆ 56 ಕಿಲೋವ್ಯಾಟ್ ಒಂದೇ ನಿಮಿಷದಲ್ಲಿ ಏರುತ್ತದೆ. ಗ್ರಾಹಕರನ್ನು ಎರಡು ಮೂರು ಗುಂಪು ಮಾಡಿ ಬೇರೆ ಬೇರೆ ಆರಂಭದ ಹೊತ್ತು ಕೊಡಿ, ಅಥವಾ ಚಾರ್ಜರಿನಲ್ಲೇ ಯಾದೃಚ್ಛಿಕ ವಿಳಂಬ ಇರಲಿ.

ಚಾವಣಿ ಸೌರಫಲಕಗಳು ಹೆಚ್ಚುತ್ತಿದ್ದರೆ ಅವಧಿಯನ್ನು ಐದು ವರ್ಷಕ್ಕೆಂದು ಕಲ್ಲಿನಲ್ಲಿ ಕೆತ್ತಬೇಡಿ. ಕ್ಯಾಲಿಫೋರ್ನಿಯಾದ ಗ್ರಿಡ್ ನಿರ್ವಾಹಕರು 2013ರಲ್ಲಿ ಪ್ರಕಟಿಸಿದ ಡಕ್ ಕರ್ವ್ ತೋರಿಸಿದ್ದು ಇದನ್ನೇ: ಮಧ್ಯಾಹ್ನದ ನಿವ್ವಳ ಬೇಡಿಕೆ ಕುಸಿದು, ಸೂರ್ಯ ಇಳಿಯುವಾಗ ಕಡಿದಾಗಿ ಏರುತ್ತದೆ. ಅಲ್ಲಿ ದುಬಾರಿ ಅವಧಿ ಮಧ್ಯಾಹ್ನದಿಂದ ಸರಿದು ಸಂಜೆ 4ರಿಂದ 9ಕ್ಕೆ ಬಂದಿದೆ.

---

ಲೋಡ್_ಡಿಸ್ಪ್ಯಾಚ್

ಎರಡನೆಯ ಪ್ರಶ್ನೆಗೆ. ಇವತ್ತೇ ತಿಂಗಳ ಪೀಕ್ ಎಂಬುದು ತಿಂಗಳು ಮುಗಿದ ಮೇಲೆಯೇ ಗೊತ್ತಾಗುವುದು. ಅದಕ್ಕೇ 'ಇವತ್ತು ಪೀಕೋ' ಎಂದು ಕೇಳದೆ 'ಇವತ್ತು 38 ದಾಟಬಹುದೋ' ಎಂದು ಕೇಳಿ. ಹಿಂದಿನ ದಿನದ ಮುನ್ನಂದಾಜಿನಲ್ಲಿ ಶೇ. 3 ತಪ್ಪು ಸಹಜವಾದರೆ 1.2 ಮೆಗಾವ್ಯಾಟ್ ಆಯಿತು, ಮುನ್ನಂದಾಜು 36.8 ದಾಟಿದ ಪ್ರತಿ ದಿನವೂ ಕರೆ ಕೊಡಬೇಕು. ಕೆಲವು ಕರೆ ವ್ಯರ್ಥವಾಗುತ್ತವೆ, ಅದು ವಿಮೆಯ ಕಂತಿನಂತೆ. ಒಪ್ಪಂದದಲ್ಲಿ ವರ್ಷಕ್ಕೆ 10 ಕರೆ ಮಾತ್ರ ಎಂದು ಬರೆದುಕೊಂಡರೆ ಋತುವಿನ ಮಧ್ಯದಲ್ಲೇ ಬತ್ತಳಿಕೆ ಖಾಲಿಯಾಗುತ್ತದೆ, ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಬಂದ ದಿನಗಳ ಎರಡರಷ್ಟಾದರೂ ಕೇಳಿ.

ಉಷ್ಣಾಂಶ ಒಂದನ್ನೇ ನೋಡಬೇಡಿ. ಮೂರನೆಯ ಬಿಸಿ ದಿನ ಮೊದಲನೆಯದಕ್ಕಿಂತ ಭಾರ, ಗೋಡೆ ಚಾವಣಿ ರಾತ್ರಿಯೂ ತಣ್ಣಗಾಗಿರುವುದಿಲ್ಲ. ರಾತ್ರಿಯ ಕನಿಷ್ಠ ಉಷ್ಣಾಂಶ, ತೇವಾಂಶ ಎರಡೂ ಲೆಕ್ಕದಲ್ಲಿರಲಿ.

ಯಾವುದೋ ಕಾರಣಕ್ಕೆ ಒಂದು ದಿನ 40 ದಾಖಲಾಗಿಬಿಟ್ಟರೆ ಆ ತಿಂಗಳ ಗುರಿಯನ್ನು 40ಕ್ಕೆ ಏರಿಸಿ. ಅದಕ್ಕಿಂತ ಕೆಳಗೆ ಕಡಿದರೆ ಡಿಮ್ಯಾಂಡ್ ಚಾರ್ಜಿನಲ್ಲಿ ಏನೂ ಬರುವುದಿಲ್ಲ, ಗ್ರಾಹಕರ ತಾಳ್ಮೆ ಸುಮ್ಮನೆ ಖರ್ಚಾಗುತ್ತದೆ. ಮುಂದಿನ ತಿಂಗಳು ಒಂದನೇ ತಾರೀಕಿನಿಂದ ಮತ್ತೆ 38.

ಯಾರ ಕೆಲಸವೂ ನಿಲ್ಲದ ಇನ್ನೊಂದು ಸಾಧನ ವೋಲ್ಟೇಜ್ ಇಳಿಸುವುದು. ಟ್ಯಾಪ್ ಚೇಂಜರಿನ (ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಮೆಟ್ಟಿಲು ಮೆಟ್ಟಿಲಾಗಿ ಬದಲಿಸುವ ಭಾಗ) ಒಂದು ಮೆಟ್ಟಿಲು ಶೇ. 1.25 ಆದರೆ ಎರಡು ಮೆಟ್ಟಿಲಿಗೆ ಶೇ. 2.5. ವೋಲ್ಟೇಜ್ ಶೇ. 1 ಇಳಿದಾಗ ಲೋಡ್ ಶೇ. 0.7 ಇಳಿಯುತ್ತದೆ ಎಂದು ಹಿಡಿದರೆ 42ರಲ್ಲಿ 0.7 ಮೆಗಾವ್ಯಾಟ್ ಹೋಯಿತು. ಮೊದಲು ಉದ್ದ ಫೀಡರುಗಳ ಕೊನೆಯ ಮನೆಯಲ್ಲಿ ಪೀಕ್ ಹೊತ್ತಿನ ವೋಲ್ಟೇಜ್ ಅಳೆದು ನೋಡಿ. ಇನ್ವರ್ಟರ್ ಎಸಿ, ಎಲ್‌ಇಡಿ ಡ್ರೈವರ್ ಹೆಚ್ಚಿದ ಕಡೆ ಫಲ ಕಡಿಮೆ, ಅವು ವೋಲ್ಟೇಜ್ ಇಳಿದಷ್ಟೂ ಹೆಚ್ಚು ಕರೆಂಟ್ ಎಳೆಯುತ್ತವೆ.

---

ಎಚ್‌ಟಿ_ಮೀಟರ್

ಕಡಿತಕ್ಕೆ ಹಣ ಕೊಡುವುದಾದರೆ ಅಳೆಯುವ ವಿಧಾನ ಮೊದಲೇ ಗಟ್ಟಿಯಾಗಿರಲಿ. ಸಾಮಾನ್ಯವಾಗಿ ಹಿಂದಿನ 10 ಕೆಲಸದ ದಿನಗಳ (ಕರೆ ಇದ್ದ ದಿನ, ರಜೆ ಬಿಟ್ಟು) ಅದೇ ಗಂಟೆಯ ಸರಾಸರಿ ತೆಗೆದು, ಅವತ್ತಿನ ಬೆಳಗಿನ ಬಳಕೆ ನೋಡಿ ಅದನ್ನು ಮೇಲೆ ಕೆಳಗೆ ಸರಿಸುತ್ತಾರೆ. ಆ ಸರಿಸುವಿಕೆಗೆ ಶೇ. 20ರಂಥ ಮಿತಿ ಇರಲಿ. ಮಿತಿ ಇಲ್ಲದಿದ್ದರೆ, ಸೂಚನೆ ಸಿಕ್ಕ ಕೂಡಲೇ ಯಂತ್ರಗಳನ್ನೆಲ್ಲ ಓಡಿಸಿ ಆಧಾರರೇಖೆ (ಹೋಲಿಕೆಗೆ ಹಿಡಿದ ಆ ಸರಾಸರಿ) ಏರಿಸಿಕೊಳ್ಳಲು ದಾರಿಯಾಗುತ್ತದೆ. ಮನೆಗಳಿಗೆ ಈ ವಿಧಾನ ಬೇಡ. ಪ್ರತಿ ಕರೆಯಲ್ಲೂ ಚೀಟಿ ಎತ್ತಿದಂತೆ ಕೆಲವು ನೂರು ಮನೆಗಳನ್ನು ನಿಯಂತ್ರಿಸದೆ ಬಿಟ್ಟು, ಎರಡೂ ಗುಂಪಿನ ಸರಾಸರಿಯ ವ್ಯತ್ಯಾಸ ನೋಡಿದರೆ ಸಾಕು.

ಬ್ಯಾಟರಿ ಕೊನೆಗೆ. ಪೀಕಿನ ತುದಿ ಸುಮಾರಾಗಿ ತ್ರಿಕೋನದಂತಿರುತ್ತದೆ. 2 ಮೆಗಾವ್ಯಾಟ್ ಕತ್ತರಿಸಲು ಒಂದೂವರೆ ಗಂಟೆ ಬೇಕಾದರೆ ಶಕ್ತಿ 1.5 ಮೆಗಾವ್ಯಾಟ್-ಗಂಟೆ, 4 ಕತ್ತರಿಸಲು ಮೂರು ಗಂಟೆ, 6 ಮೆಗಾವ್ಯಾಟ್-ಗಂಟೆ. ಎರಡರಷ್ಟು ಕಡಿತಕ್ಕೆ ನಾಲ್ಕರಷ್ಟು ಬ್ಯಾಟರಿ. ಅದಕ್ಕೇ ಗಿರಣಿ, ಪಂಪು, ಗೋದಾಮು, ವೋಲ್ಟೇಜ್ ಸೇರಿ 38ರ ಹತ್ತಿರ ತಂದ ಮೇಲೆ, ಉಳಿದ ಅರ್ಧ ಒಂದು ಮೆಗಾವ್ಯಾಟಿಗೆ ಮತ್ತು ಯಾರಾದರೂ ಕರೆಗೆ ಓಗೊಡದ ದಿನದ ರಕ್ಷಣೆಗೆ ಬ್ಯಾಟರಿಯ ಗಾತ್ರ ಲೆಕ್ಕ ಹಾಕಿ. ಪೀಕ್ ಅವಧಿ ಶುರುವಾದ ಕೂಡಲೇ ಪೂರ್ಣ ವೇಗದಲ್ಲಿ ಖಾಲಿ ಮಾಡುವ ಸೆಟ್ಟಿಂಗ್ ಬೇಡ, ನಿಜವಾದ ತುದಿ ಬರುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಒಟ್ಟು ಲೋಡ್ 38 ದಾಟಿದಷ್ಟನ್ನು ಮಾತ್ರ ಅದು ಕೊಡಬೇಕು, ಮತ್ತೆ ಚಾರ್ಜ್ ಆಗುವುದು ಲೋಡ್ 33ಕ್ಕಿಂತ ಇಳಿದ ಮೇಲೆ.